ಎಳೆದೀತು, ನಿಂತೀತೇ?



2023ರಲ್ಲಿ ಮಳೆ ಕೈಕೊಟ್ಟಿತು. ಮರುವರ್ಷದ ಬೇಸಿಗೆ ಬರುವಷ್ಟರಲ್ಲಿ ದಾವಣಗೆರೆ ಜಿಲ್ಲೆಯ ಚನ್ನಗಿರಿ ಸೀಮೆಯ ಎಷ್ಟೋ ಕೊಳವೆಬಾವಿಗಳಲ್ಲಿ ನೀರು ತಳ ಕಂಡಿತ್ತು. ಅಡಿಕೆ ಮರ ಒಮ್ಮೆ ಒಣಗಿ ಹೋದರೆ ಹೊಸ ಸಸಿ ನೆಟ್ಟು ಫಸಲು ಕಾಣಲು ಐದಾರು ವರ್ಷ ಕಾಯಬೇಕು. ಹಾಗೆಂದು ಕೈಕಟ್ಟಿ ಕೂರುವ ರೈತರಲ್ಲ ಇಲ್ಲಿಯವರು. ಸಾಲ ಮಾಡಿ ನೀರು ಕೊಂಡರು, ಟ್ರ್ಯಾಕ್ಟರ್ ಹಿಂದೆ ಟ್ಯಾಂಕರ್ ಕಟ್ಟಿ ತೋಟಕ್ಕೆ ಸಾಗಿಸಿದರು. ಸಂತೇಬೆನ್ನೂರು ಸುತ್ತಿನ ರಸ್ತೆಗಳಲ್ಲೂ ಜಗಳೂರಿನ ಕಡೆಯೂ ಹಗಲು ರಾತ್ರಿ ಟ್ಯಾಂಕರುಗಳ ಓಡಾಟ. ಮರ ಉಳಿಸಿಕೊಳ್ಳುವ ಆ ಹಟಕ್ಕೆ ಯಾರಾದರೂ ತಲೆಬಾಗಬೇಕು. ಆದರೆ ಆ ಓಡಾಟದ ಮಧ್ಯೆ ಯಾರೂ ನಿಂತು ಕೇಳದ ಪ್ರಶ್ನೆಯೊಂದಿತ್ತು. ಟ್ರ್ಯಾಕ್ಟರಿನ ಹಿಂದೆ ಬರುತ್ತಿರುವುದರ ತೂಕ ಎಷ್ಟು?

ಲೆಕ್ಕ ಸುಲಭ. ಒಂದು ಲೀಟರ್ ನೀರು ಒಂದು ಕಿಲೋ. ಐದು ಸಾವಿರ ಲೀಟರಿನ ಟ್ಯಾಂಕರ್ ತುಂಬಿದರೆ ನೀರೇ ಐದು ಟನ್. ಟ್ಯಾಂಕು, ಅಚ್ಚು, ಚಕ್ರ ಸೇರಿ ಇನ್ನೊಂದು ಟನ್ನಿಗೆ ಮೋಸವಿಲ್ಲ. ಮುಂದೆ ಎಳೆಯುವ ನಲವತ್ತು–ನಲವತ್ತೈದು ಅಶ್ವಶಕ್ತಿಯ ಟ್ರ್ಯಾಕ್ಟರ್ ತೂಗುವುದು ಎರಡು ಟನ್ ಆಸುಪಾಸು. ತನ್ನ ಮೂರರಷ್ಟು ತೂಕವನ್ನು ಅದು ಎಳೆಯುತ್ತದೆ, ನಿಜ. ಸಣ್ಣ ಗೇರಿಗೆ ಹಾಕಿದರೆ ಇನ್ನೂ ಹೆಚ್ಚು ಎಳೆದೀತು. ಲೋಡು ತುಂಬುವ ಜಾಗದಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು: ‘ಎಳಿತೈತೆ ಬಿಡಣ್ಣ, ಇನ್ನು ನಾಕು ಬುಟ್ಟಿ ಹಾಕು.’ ಎಳೆಯುವುದು ಎಂಜಿನ್ನಿನ ಕೆಲಸ. ನಿಲ್ಲಿಸುವುದು ಬ್ರೇಕಿನ ಕೆಲಸ, ಟೈರಿನ ಕೆಲಸ. ಎಂಜಿನ್ನಿಗೆ ಇರುವ ಬಲ ಬ್ರೇಕಿಗೂ ಇದೆ ಎಂದು ಭಾವಿಸಿಕೊಂಡಲ್ಲಿಂದಲೇ ಅಪಘಾತ ಶುರುವಾಗುತ್ತದೆ.

ಸಾಮಾನ್ಯ ಟ್ರ್ಯಾಕ್ಟರಿನಲ್ಲಿ ಬ್ರೇಕ್ ಇರುವುದು ಹಿಂದಿನ ಎರಡು ದೊಡ್ಡ ಚಕ್ರಗಳಿಗೆ ಮಾತ್ರ. ನಮ್ಮ ಕಡೆಯ ಟ್ರೇಲರುಗಳಲ್ಲಿ ಬಹುಪಾಲಿಗೆ ಬ್ರೇಕೇ ಇಲ್ಲ. ಅಂದರೆ ಹಿಂದೆ ಎಷ್ಟೇ ತೂಕವಿರಲಿ, ಅಷ್ಟನ್ನೂ ನಿಲ್ಲಿಸಬೇಕಾದದ್ದು ಆ ಎರಡು ಚಕ್ರಗಳು ನೆಲಕ್ಕೆ ಹಿಡಿದುಕೊಂಡ ಅಂಗೈಯಗಲದ ಜಾಗ.

ಒಂದು ಲೆಕ್ಕ ಹಾಕಿ ನೋಡೋಣ. ಎರಡು ಟನ್ನಿನ ಟ್ರ್ಯಾಕ್ಟರ್, ಅದರಲ್ಲಿ ಹಿಂದಿನ ಚಕ್ರಗಳ ಮೇಲೆ ಬೀಳುವುದು 1.3 ಟನ್. ಒಣಗಿದ ಟಾರು ರಸ್ತೆ, ವೇಗ ಗಂಟೆಗೆ 30 ಕಿಲೋಮೀಟರ್. ಟ್ರೇಲರ್ ಇಲ್ಲದೆ ಬರಿಯ ಟ್ರ್ಯಾಕ್ಟರ್ ಆದರೆ ಬ್ರೇಕ್ ತುಳಿದ ಮೇಲೆ ಒಂಬತ್ತು ಮೀಟರಿನಲ್ಲಿ ನಿಲ್ಲುತ್ತದೆ. ಈಗ ಅದೇ ಟ್ರ್ಯಾಕ್ಟರಿಗೆ ಒಂದೂವರೆ ಟನ್ನಿನ ನಾಲ್ಕು ಚಕ್ರದ ಟ್ರೇಲರ್ ಕಟ್ಟಿ ಆರು ಟನ್ ಲೋಡು ಹಾಕಿ. ಒಟ್ಟು ಒಂಬತ್ತೂವರೆ ಟನ್. ಹಿಂದಿನ ಚಕ್ರಗಳ ಮೇಲಿನ ಭಾರ ಮಾತ್ರ ಅಷ್ಟೇ ಇದೆ, ಆದ್ದರಿಂದ ಹಿಡಿತವೂ ಅಷ್ಟೇ. ನಿಲ್ಲಲು ನಲವತ್ತು ಮೀಟರಿಗೂ ಹೆಚ್ಚು ಬೇಕು. ಎದುರಿಗೆ ಎಮ್ಮೆಯೋ ಮಗುವೋ ಬಂದದ್ದನ್ನು ಕಂಡು ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಎಂಟು ಮೀಟರ್ ಆಗಲೇ ಕಳೆದಿರುತ್ತದೆ. ಎರಡೂ ಸೇರಿ ಐವತ್ತು ಮೀಟರ್. ಊರೊಳಗಿನ ರಸ್ತೆಯಲ್ಲಿ ಅಷ್ಟು ಜಾಗ ಎಲ್ಲಿದೆ?

ವೇಗವನ್ನು 20ಕ್ಕೆ ಇಳಿಸಿದರೆ ಆ ನಲವತ್ತು ಮೀಟರ್ ಇಪ್ಪತ್ತಕ್ಕಿಂತ ಕಡಿಮೆಯಾಗುತ್ತದೆ. ವೇಗದಲ್ಲಿ ಮೂರನೇ ಒಂದು ಭಾಗ ಬಿಟ್ಟುಕೊಟ್ಟರೆ ದೂರದಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿತಾಯ. ದುಡ್ಡು ಖರ್ಚಿಲ್ಲದೆ, ವರ್ಕ್‌ಶಾಪಿಗೆ ಹೋಗದೆ, ಇವತ್ತೇ ಮಾಡಬಹುದಾದ ಕೆಲಸ ಇದು.

ಇಳಿಜಾರಿನ ಮಾತು ಬೇರೆಯೇ. ಹನ್ನೆರಡು ಅಡಿಗೆ ಒಂದು ಅಡಿ ಇಳಿಯುವ ರಸ್ತೆಯಲ್ಲಿ, ಮೇಲೆ ಹೇಳಿದ ಲೋಡಿಗೆ ಟ್ರ್ಯಾಕ್ಟರಿನ ಬ್ರೇಕ್ ಕೊಡುವ ಬಲವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಆ ಇಳಿಜಾರೇ ನುಂಗಿಹಾಕುತ್ತದೆ. ಚಕ್ರ ಕಚ್ಚಿ ನಿಂತರೂ ಗಾಡಿ ಜಾರುತ್ತಲೇ ಇರುತ್ತದೆ. ಹಿಂದಿನ ಟ್ರೇಲರ್ ಟ್ರ್ಯಾಕ್ಟರನ್ನು ತಳ್ಳುತ್ತದೆ. ನೇರಕ್ಕೆ ತಳ್ಳಲಾಗದೆ ಪಕ್ಕಕ್ಕೆ ಮಡಚಿ ಹಾಕುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಇಳಿಯುವವರನ್ನು ಇವತ್ತಿಗೂ ಕಾಣಬಹುದು. ಎಂಜಿನ್ನಿನ ಹಿಡಿತವೂ ತಪ್ಪಿ, ಬ್ರೇಕೂ ಸಾಲದೆ ಹೋದಾಗ ಉಳಿಯುವುದು ಸ್ಟೇರಿಂಗ್ ಒಂದೇ. ಇಳಿಜಾರು ಶುರುವಾಗುವ ಮೊದಲೇ ಸಣ್ಣ ಗೇರಿಗೆ ಬರಬೇಕು, ಕ್ಲಚ್ ಮೇಲೆ ಕಾಲಿಡಬಾರದು. ಅರ್ಧ ಇಳಿದ ಮೇಲೆ ಗೇರ್ ಬದಲಿಸಲು ಕ್ಲಚ್ ತುಳಿದರೆ, ಮತ್ತೆ ಗೇರ್ ಬೀಳದೆ ಹೋಗಬಹುದು.

ಟ್ರ್ಯಾಕ್ಟರಿನಲ್ಲಿ ಬ್ರೇಕ್ ಪೆಡಲ್ ಎರಡು. ಎಡಗಾಲಿಗೊಂದು, ಬಲಗಾಲಿಗೊಂದು ಎಂದಲ್ಲ, ಎಡ ಚಕ್ರಕ್ಕೊಂದು, ಬಲ ಚಕ್ರಕ್ಕೊಂದು. ಹೊಲದ ತುದಿಯಲ್ಲಿ ಗಕ್ಕನೆ ತಿರುಗಲು ಕೊಟ್ಟ ಅನುಕೂಲ ಅದು. ಎರಡನ್ನೂ ಒಂದು ಮಾಡುವ ಚಿಕ್ಕ ಕೊಂಡಿ ಅಲ್ಲೇ ಇರುತ್ತದೆ. ಹೊಲದಿಂದ ರಸ್ತೆಗೆ ಏರುವ ಮುಂಚೆ ಆ ಕೊಂಡಿ ಹಾಕದಿದ್ದರೆ, ಗಾಬರಿಯಲ್ಲಿ ಒಂದೇ ಪೆಡಲ್ ಮೇಲೆ ಕಾಲು ಬಿದ್ದು ಟ್ರ್ಯಾಕ್ಟರ್ ಒಂದು ಮಗ್ಗುಲಿಗೆ ಸೆಳೆದುಕೊಳ್ಳುತ್ತದೆ. ಪಕ್ಕದಲ್ಲಿ ಭದ್ರಾ ನಾಲೆ ಇದ್ದರೆ ಮುಂದೇನಾಗುತ್ತದೆ ಎಂದು ಹೊನ್ನಾಳಿ, ಚನ್ನಗಿರಿಯ ನೀರಾವರಿ ಹಳ್ಳಿಗಳವರಿಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನು ತುಂಬುವ ವಿಚಾರ. ಹತ್ತು ಅಡಿ ಉದ್ದ, ಆರು ಅಡಿ ಅಗಲ, ಎರಡು ಅಡಿ ಎತ್ತರದ ಟ್ರೇಲರ್ ಡಬ್ಬಿ ಎಂದಿಟ್ಟುಕೊಳ್ಳಿ. ಕಂಠಮಟ್ಟ ಭತ್ತ ತುಂಬಿದರೆ ಎರಡು ಟನ್. ಮೆಕ್ಕೆಜೋಳದ ಕಾಳು ತುಂಬಿದರೆ ಎರಡೂವರೆ ಟನ್ನಿಗೆ ಸ್ವಲ್ಪ ಕಡಿಮೆ. ಅದೇ ಡಬ್ಬಿಗೆ ಜೆಲ್ಲಿ ಹಾಕಿದರೆ ಐದು ಟನ್ ದಾಟುತ್ತದೆ, ಒಣ ಮರಳು ಹಾಕಿದರೆ ಸುಮಾರು ಐದೂವರೆ. ತುಂಗಭದ್ರೆಯ ಒಡಲಿಂದ ಆಗತಾನೇ ಎತ್ತಿದ ಹಸಿ ಮರಳಾದರೆ ಆರು ಟನ್ನಿಗೂ ಮೇಲೆ. ಕಣ್ಣಿಗೆ ಎಲ್ಲವೂ ಒಂದೇ ಟ್ರೇಲರ್, ಒಂದೇ ಮಟ್ಟ. ತೂಕ ಮಾತ್ರ ಒಂದಕ್ಕೆ ಮೂರು. ದಾವಣಗೆರೆ ಜಿಲ್ಲೆ ಮೆಕ್ಕೆಜೋಳದ ನಾಡು, ನ್ಯಾಮತಿಯಿಂದ ಜಗಳೂರಿನವರೆಗೆ ಬೆಳೆಯುವ ಬೆಳೆ. ಹಗುರ ಕಾಳು ಹೆಚ್ಚು ಹಿಡಿಯಲೆಂದು ಡಬ್ಬಿಗೆ ಮೇಲೊಂದು ತಗಡು ಏರಿಸಿ ನಾಲ್ಕು ಅಡಿ ಮಾಡಿಸಿಕೊಂಡವರು ಬಹಳ. ಜೋಳಕ್ಕೆ ಅದು ಸರಿ. ಸುಗ್ಗಿ ಮುಗಿದ ಮೇಲೆ ಅದೇ ನಾಲ್ಕು ಅಡಿಗೆ ಮರಳು ತುಂಬಿದ ದಿನ ಹತ್ತು ಟನ್ನಿಗಿಂತ ಹೆಚ್ಚು ಬಂದು ಕೂರುತ್ತದೆ.

ಕಾಳಿನಲ್ಲೂ ನೀರಿನ ತೂಕವಿದೆ. ನೂರಕ್ಕೆ 25 ಪಾಲು ತೇವವಿರುವ ಒಂದು ಟನ್ ಜೋಳವನ್ನು 14 ಪಾಲಿಗೆ ಒಣಗಿಸಿದರೆ 870 ಕಿಲೋ ಆಗುತ್ತದೆ. ಕಣದಲ್ಲೇ ಎರಡು ಬಿಸಿಲು ಕೊಟ್ಟು ಹೊರಟವರು ಪ್ರತಿ ಟನ್ನಿಗೆ 130 ಕಿಲೋ ನೀರನ್ನು ಎಪಿಎಂಸಿವರೆಗೆ ಹೊತ್ತೊಯ್ಯುವುದು ತಪ್ಪುತ್ತದೆ. ಅಡಿಕೆಯಲ್ಲಿ ಈ ಅಂತರ ಇನ್ನೂ ದೊಡ್ಡದು. ಒಂದು ಕ್ವಿಂಟಲ್ ಹಸಿ ಅಡಿಕೆ ಸುಲಿದು ಬೇಯಿಸಿ ಒಣಗಿಸಿದರೆ ಹನ್ನೆರಡು–ಹದಿಮೂರು ಕಿಲೋ ಒಣ ಅಡಿಕೆ ಸಿಗುತ್ತದೆ. ಚನ್ನಗಿರಿಯ ಅಡಿಕೆ ಬೆಳೆಗಾರರ ಸಹಕಾರ ಸಂಘ ತುಮ್ಕೋಸ್‌ನ ಅಂಗಳಕ್ಕೆ ಬರುವ ಒಂದೊಂದು ಕ್ವಿಂಟಲ್ ಚೀಲದ ಹಿಂದೆ, ತೋಟದಿಂದ ಸುಲಿಯುವ ಮನೆಗೆ ಸಾಗಿದ ಏಳೆಂಟು ಕ್ವಿಂಟಲ್ ಹಸಿಗೊನೆಯ ಭಾರವಿದೆ. ಖೇಣಿ ಹಿಡಿದವರ, ಅಂದರೆ ತೋಟದ ಫಸಲನ್ನು ಗುತ್ತಿಗೆಗೆ ಪಡೆದವರ ಗಾಡಿಗಳು ಸುಗ್ಗಿಯಲ್ಲಿ ಕತ್ತಲಾದರೂ ನಿಲ್ಲದಿರುವುದಕ್ಕೆ ಕಾರಣ ಇದೇ.

ಎಷ್ಟು ತುಂಬಿದೆವು ಎನ್ನುವಷ್ಟೇ ಮುಖ್ಯ, ಎಲ್ಲಿ ತುಂಬಿದೆವು ಎನ್ನುವುದು. ಎರಡು ಚಕ್ರದ ಟ್ರೇಲರಿನಲ್ಲಿ ಭಾರದ ನಡು ಅಚ್ಚಿಗಿಂತ ಒಂದಿಷ್ಟು ಮುಂದೆ ಇರಬೇಕು. ಆಗ ಭಾರದ ಒಂದು ಪಾಲು ಹುಕ್ಕಿನ ಮೂಲಕ ಟ್ರ್ಯಾಕ್ಟರಿನ ಹಿಂದಿನ ಚಕ್ರಗಳ ಮೇಲೆ ಕೂತು, ಅವು ನೆಲವನ್ನು ಗಟ್ಟಿಯಾಗಿ ಹಿಡಿಯುತ್ತವೆ. ಮೇಲಿನ ಲೆಕ್ಕದಲ್ಲಿ ಹೀಗೆ ಒಂದು ಟನ್ ಹುಕ್ಕಿನ ಮೇಲೆ ಕೂತರೆ, ನಿಲ್ಲುವ ದೂರ ನಲವತ್ತು ಚಿಲ್ಲರೆ ಮೀಟರಿನಿಂದ ಇಪ್ಪತ್ತೈದರ ಹತ್ತಿರಕ್ಕೆ ಇಳಿಯುತ್ತದೆ. ಹಾಗಂತ ಮಿತಿ ಮೀರಿ ಮುಂದೆ ಹೇರಿದರೆ ಟ್ರ್ಯಾಕ್ಟರಿನ ಮೂತಿ ಮೇಲೇಳುತ್ತದೆ, ಮುಂದಿನ ಚಕ್ರ ನೆಲ ಬಿಟ್ಟರೆ ಸ್ಟೇರಿಂಗ್ ತಿರುಗಿಸಿಯೂ ಪ್ರಯೋಜನವಿಲ್ಲ. ಮುಂದೆ ತೂಕದ ಬಿಲ್ಲೆಗಳನ್ನು ಕಟ್ಟುವುದು ಇದಕ್ಕಾಗಿಯೇ. ಇಷ್ಟಕ್ಕಿಂತ ಕೆಟ್ಟದ್ದು ಭಾರವನ್ನೆಲ್ಲ ಹಿಂದಕ್ಕೆ ಹಾಕುವುದು. ಉದ್ದನೆಯ ಕಬ್ಬಿಣದ ಸರಳು, ಬಿದಿರು, ಅಡಿಕೆ ದಬ್ಬೆ ತುಂಬುವಾಗ ಆಗುವುದು ಇದೇ: ಹಿಂದೆ ಜೋತುಬಿದ್ದ ಭಾರ ಹುಕ್ಕನ್ನು ಮೇಲಕ್ಕೆ ಎತ್ತುತ್ತದೆ, ಎಳೆಯುವ ಮತ್ತು ನಿಲ್ಲಿಸುವ ಎರಡೂ ಕೆಲಸ ಮಾಡಬೇಕಾದ ಚಕ್ರಗಳು ಹಗುರವಾಗಿಬಿಡುತ್ತವೆ.

ಟ್ಯಾಂಕರಿಗೆ ಇನ್ನೊಂದು ಸ್ವಭಾವವಿದೆ, ಅದನ್ನು ಒತ್ತಿ ಹೇಳಬೇಕು. ತುಂಬಿದ ಟ್ಯಾಂಕಿನ ನೀರು ಅಲ್ಲಾಡುವುದಿಲ್ಲ. ಅರ್ಧ ಇರುವ ಟ್ಯಾಂಕಿನ ನೀರು ಬ್ರೇಕ್ ತುಳಿದಾಗ ಮುಂದಕ್ಕೆ ನುಗ್ಗುತ್ತದೆ, ತಿರುವಿನಲ್ಲಿ ಹೊರಮಗ್ಗುಲಿಗೆ ಏರುತ್ತದೆ. ಎರಡೂವರೆ ಟನ್ ತೂಕ ಒಂದೇ ಕ್ಷಣದಲ್ಲಿ ಜಾಗ ಬದಲಿಸಿದರೆ ಗಾಡಿ ಪಲ್ಟಿಯಾಗಲು ಬೇರೆ ಕಾರಣ ಬೇಕಿಲ್ಲ. ಹಾಗಾಗಿ ‘ಭಾರ ಜಾಸ್ತಿಯಾಯ್ತು, ಅರ್ಧ ತುಂಬಿಸಿಕೊಂಡು ಹೋಗೋಣ’ ಎನ್ನುವ ಒಳ್ಳೆಯ ಯೋಚನೆ ಟ್ಯಾಂಕರಿನ ಮಟ್ಟಿಗೆ ಒಳ್ಳೆಯದಲ್ಲ. ಟ್ರ್ಯಾಕ್ಟರಿಗೆ ಮೂರು ಸಾವಿರ ಲೀಟರೇ ಸರಿ ಎನಿಸಿದರೆ ಮೂರು ಸಾವಿರದ ಟ್ಯಾಂಕೇ ಬೇಕು. ಟ್ಯಾಂಕ್ ಮಾಡಿಸುವಾಗ ಒಳಗೆ ತೂತಿರುವ ಅಡ್ಡತಗಡು ಹಾಕಿಸಿದರೆ ನೀರಿನ ನುಗ್ಗಾಟ ಮುರಿಯುತ್ತದೆ. ವೆಲ್ಡಿಂಗ್ ಅಂಗಡಿಯವರಿಗೆ ಕೇಳಿದರೆ ಮಾಡಿಕೊಡುತ್ತಾರೆ, ಕೇಳುವವರು ಬೇಕು. ಎರಡು ತೋಟಕ್ಕೆ ಹಂಚಿ ನೀರು ಬಿಡುವವರು ಮೊದಲ ತೋಟ ಬಿಟ್ಟ ಮೇಲೆ ನಡೆಯುವ ವೇಗದಲ್ಲೇ ಹೋಗಬೇಕು.

ಬೇಸಿಗೆಯಲ್ಲಿ ಕೆರೆ ಒಣಗಿದಾಗ ಅದರ ಹೂಳನ್ನು, ಅಂದರೆ ಗೋಡನ್ನು, ತೋಟಕ್ಕೆ ಹೊಡೆಯುವ ಕೆಲಸ. ತೋಟಕ್ಕೆ ಕೆರೆಗೋಡಿನಷ್ಟು ಒಳ್ಳೆಯದು ಇನ್ನೊಂದಿಲ್ಲ ಎಂದು ಅಡಿಕೆ ಬೆಳೆಗಾರರು ನಂಬಿದ್ದಾರೆ, ಅದರಲ್ಲಿ ಸತ್ಯವೂ ಇದೆ. ಆದರೆ ಕೆರೆಯಂಗಳದಿಂದ ಏರಿ ಹತ್ತಿಸುವಾಗ ಟ್ರ್ಯಾಕ್ಟರ್ ಕೆಸರಿಗೆ ಹೂತರೆ, ಜನ ಸರಪಳಿ ತಂದು, ಅದನ್ನು ಎಳೆಯುವ ಇನ್ನೊಂದು ಟ್ರ್ಯಾಕ್ಟರಿನಲ್ಲಿ ಕೈಗೆ ಸಿಕ್ಕ ಎತ್ತರದ ಜಾಗಕ್ಕೆ, ಕೆಲವೊಮ್ಮೆ ಹಿಂಬದಿಯ ಟಾಪ್‌ಲಿಂಕಿಗೇ ಬಿಗಿಯುತ್ತಾರೆ. ಇದು ಜೀವ ತೆಗೆಯುವ ತಪ್ಪು. ಹಿಂದಿನ ಅಚ್ಚಿಗಿಂತ ಎತ್ತರದಲ್ಲಿ ಕಟ್ಟಿ ಎಳೆದರೆ ಎಳೆಯುವ ಟ್ರ್ಯಾಕ್ಟರ್ ಮುಂದೆ ಹೋಗುವ ಬದಲು ಮೇಲೆದ್ದು ಹಿಂದಕ್ಕೆ ಮಗುಚುತ್ತದೆ. ಎರಡು ಸೆಕೆಂಡೂ ಬೇಕಿಲ್ಲ, ಚಾಲಕ ಜಿಗಿಯುವುದು ಎಲ್ಲಿಂದ ಬಂತು? ಸ್ವೀಡನ್ ದೇಶ 1959ರಲ್ಲೇ ಹೊಸ ಟ್ರ್ಯಾಕ್ಟರುಗಳಿಗೆಲ್ಲ ಮಗುಚಿದರೂ ಚಾಲಕನನ್ನು ಕಾಯುವ ಉಕ್ಕಿನ ಚೌಕಟ್ಟು ಕಡ್ಡಾಯ ಮಾಡಿ ಸಾವುಗಳನ್ನು ಬಹಳ ತಗ್ಗಿಸಿತು. ಆ ಚೌಕಟ್ಟು ಇಲ್ಲದ ಟ್ರ್ಯಾಕ್ಟರಿಗೆ ಇರುವ ರಕ್ಷಣೆ ಎಂದರೆ ಕೆಳಗಿನ ಹುಕ್ಕಿನಲ್ಲೇ ಎಳೆಯುವುದು, ಹೂತರೆ ಮೊದಲು ಲೋಡು ಇಳಿಸುವುದು.

ಕಾನೂನು ಏನು ಹೇಳುತ್ತದೆ ಎಂಬುದು ಆರ್‌ಸಿಯಲ್ಲೇ ಇದೆ. ಖಾಲಿ ತೂಕ ಒಂದು, ಲೋಡು ಸೇರಿದ ಒಟ್ಟು ತೂಕ ಇನ್ನೊಂದು. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಎಷ್ಟು ಹೇರಬಹುದು ಎಂಬ ಉತ್ತರ ಸಿಗುತ್ತದೆ. ಟ್ರೇಲರಿಗೆ ಪ್ರತ್ಯೇಕ ನೋಂದಣಿ ಬೇಕು, ವಿಮೆಯಲ್ಲೂ ಅದರ ಹೆಸರು ಇರಬೇಕು. ಟ್ರ್ಯಾಕ್ಟರ್ ಲೈಸೆನ್ಸ್ ಇದ್ದವನು ಟ್ರೇಲರ್ ಕಟ್ಟಿದ ಮಾತ್ರಕ್ಕೆ ಲೈಸೆನ್ಸ್ ಇಲ್ಲದವನಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2001ರಲ್ಲೇ ಹೇಳಿದೆ. ಮಿತಿ ಮೀರಿದ ತೂಕಕ್ಕೆ ಮೋಟಾರು ವಾಹನ ಕಾಯ್ದೆಯ 194ನೇ ಕಲಂ 2019ರ ತಿದ್ದುಪಡಿಯಲ್ಲಿ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿ ಎಂದು ಗೊತ್ತುಮಾಡಿತು. ಹೆಚ್ಚುವರಿ ಲೋಡನ್ನು ಅಲ್ಲೇ ಇಳಿಸದೆ ಗಾಡಿ ಮುಂದೆ ಬಿಡುವಂತಿಲ್ಲ. ಲಾರಿಯವರಿಗೆ 2018ರಲ್ಲಿ ಕೇಂದ್ರ ಸರ್ಕಾರ ಮಿತಿಯನ್ನು ಸಡಿಲಿಸಿ, ಆರು ಚಕ್ರದ ಲಾರಿಯ ಒಟ್ಟು ತೂಕವನ್ನು 16.2 ಟನ್ನಿನಿಂದ 18.5 ಟನ್ನಿಗೆ ಏರಿಸಿದೆ. ಲಾರಿಗೆ ಎಲ್ಲ ಚಕ್ರಕ್ಕೂ ಬ್ರೇಕ್ ಇದೆ ಎಂಬುದನ್ನು ಮರೆತು ಆ ಸಡಿಲಿಕೆಯನ್ನು ಟ್ರ್ಯಾಕ್ಟರಿಗೂ ಹಚ್ಚಿಕೊಳ್ಳುವುದು ಸರಿಯಲ್ಲ. ಬ್ರಿಟನ್ 2015ರಲ್ಲಿ ಟ್ರ್ಯಾಕ್ಟರ್–ಟ್ರೇಲರಿನ ಒಟ್ಟು ತೂಕವನ್ನು 31 ಟನ್‌ವರೆಗೆ, ವೇಗವನ್ನು ಗಂಟೆಗೆ 40 ಕಿಲೋಮೀಟರ್‌ವರೆಗೆ ಬಿಟ್ಟಿತು. ಆದರೆ ಅಲ್ಲಿ ಅಂಥ ಟ್ರೇಲರಿಗೆ ಸ್ವಂತ ಬ್ರೇಕ್ ಇರಲೇಬೇಕು.

ರಸ್ತೆಯ ಕಡೆಗೂ ಒಂದು ಮಾತು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ಲಾರಿಗಳನ್ನು ಹಗಲಿರುಳು ಓಡಿಸಿ ಒಂದು ದೊಡ್ಡ ಪರೀಕ್ಷೆ ನಡೆಯಿತು. ಅಚ್ಚಿನ ಮೇಲಿನ ಭಾರ ಹೆಚ್ಚಿದಂತೆ ರಸ್ತೆಗೆ ಆಗುವ ಹಾನಿ ಹೆಚ್ಚುಕಡಿಮೆ ಅದರ ನಾಲ್ಕನೇ ಘಾತದಲ್ಲಿ ಬೆಳೆಯುತ್ತದೆ ಎಂದು ಅದರಿಂದ ತಿಳಿಯಿತು. ನೂರಕ್ಕೆ ಇಪ್ಪತ್ತು ಹೆಚ್ಚು ಭಾರ ಹೇರಿದರೆ ಹಾನಿ ಎರಡರಷ್ಟು. ಹತ್ತು ವರ್ಷ ಬಾಳಬೇಕಾದ ಹಳ್ಳಿಯ ರಸ್ತೆ ಐದಕ್ಕೇ ಕಿತ್ತುಹೋದರೆ, ಗುಂಡಿಯಲ್ಲಿ ಹುಕ್ಕಿನ ಪಿನ್ನು ಹಾರುವುದು ಅದೇ ಊರಿನ ಟ್ರ್ಯಾಕ್ಟರಿನದು.

ರಾತ್ರಿಯ ಅಪಾಯ ಹಿಂದಿನಿಂದ ಬರುತ್ತದೆ. ಕುಕ್ಕುವಾಡದ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗುವ ತಿಂಗಳುಗಳಲ್ಲಿ, ಭತ್ತದ ಹುಲ್ಲು ಎರಡೂ ಕಡೆ ಚಾಚಿಕೊಂಡು ಬರುವ ದಿನಗಳಲ್ಲಿ, ಟ್ರೇಲರಿನ ಹಿಂಭಾಗ ಕತ್ತಲಲ್ಲಿ ಕಾಣುವುದೇ ಇಲ್ಲ. ಗಂಟೆಗೆ 60 ಕಿಲೋಮೀಟರಿನಲ್ಲಿ ಬರುವ ಬೈಕಿನವನು ಸೆಕೆಂಡಿಗೆ ಸುಮಾರು 17 ಮೀಟರ್ ದಾಟುತ್ತಾನೆ. ದೀಪದ ಬೆಳಕಿಗೆ ಏನೋ ಕಂಡಿತು ಎನ್ನುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಕಬ್ಬಿನ ಜಿಲ್ಲೆಗಳಲ್ಲಿ ಪೊಲೀಸರೇ ಟ್ರೇಲರ್ ನಿಲ್ಲಿಸಿ ಕೆಂಪು ಹೊಳೆಯುವ ಪಟ್ಟಿ ಅಂಟಿಸುತ್ತಾರೆ. ಅವರಿಗಾಗಿ ಕಾಯದೆ ನಾವೇ ಅಂಟಿಸಿಕೊಳ್ಳಬಹುದು. ಕೆಟ್ಟು ನಿಂತ ಗಾಡಿಯ ಚಕ್ರಕ್ಕೆ ಕೊಟ್ಟ ಕಲ್ಲನ್ನು ಹೊರಡುವಾಗ ರಸ್ತೆಯಲ್ಲೇ ಬಿಟ್ಟು ಹೋಗುವ ಅಭ್ಯಾಸವನ್ನಂತೂ ಈ ಹೊತ್ತಿಗೇ ಬಿಡಬೇಕು. ಆ ಕಲ್ಲಿಗೆ ಸಿಕ್ಕು ಬಿದ್ದವರ ಮನೆಯವರಿಗೆ ಅದನ್ನು ಇಟ್ಟವರು ಯಾರೆಂದೂ ತಿಳಿಯುವುದಿಲ್ಲ.

ಜನರನ್ನು ತುಂಬುವ ಬಗ್ಗೆ ಮೆತ್ತಗೆ ಹೇಳಲಾಗದು. 2022ರ ಅಕ್ಟೋಬರ್ 1ರಂದು ಉತ್ತರ ಪ್ರದೇಶದ ಘಾಟಂಪುರದ ಬಳಿ ದೇವಸ್ಥಾನದಿಂದ ಮರಳುತ್ತಿದ್ದ ಟ್ರ್ಯಾಕ್ಟರ್ ಟ್ರಾಲಿ ಕೊಳಕ್ಕೆ ಮಗುಚಿ ಇಪ್ಪತ್ತಾರು ಮಂದಿ ತೀರಿಕೊಂಡರು, ಹೆಚ್ಚಿನವರು ಹೆಂಗಸರು, ಮಕ್ಕಳು. 2024ರ ಫೆಬ್ರುವರಿ 24ರಂದು ಅದೇ ರಾಜ್ಯದ ಕಾಸಗಂಜ್‌ನಲ್ಲಿ ಗಂಗಾಸ್ನಾನಕ್ಕೆ ಹೊರಟವರ ಟ್ರಾಲಿ ಕೊಳಕ್ಕೆ ಬಿದ್ದು ಇಪ್ಪತ್ತಕ್ಕೂ ಹೆಚ್ಚು ಜನ ಹೋದರು. ನಮ್ಮಲ್ಲೂ ಉಕ್ಕಡಗಾತ್ರಿ, ಕೊಡದಗುಡ್ಡ, ತೀರ್ಥರಾಮೇಶ್ವರದಂಥ ಕ್ಷೇತ್ರಗಳಿಗೆ ಮನೆಮಂದಿಯೆಲ್ಲ ಟ್ರೇಲರಿನಲ್ಲಿ ಕೂತು ಹೋಗುವ ರೂಢಿಯಿದೆ. ನಿಂತ ಜನರ ಭಾರ ಎತ್ತರದಲ್ಲಿರುತ್ತದೆ, ತಿರುವಿನಲ್ಲಿ ಎಲ್ಲರೂ ಒಂದೇ ಕಡೆ ವಾಲುತ್ತಾರೆ, ಹಿಡಿಯಲು ಏನೂ ಇರುವುದಿಲ್ಲ. ಸರಕು ಸಾಗಿಸುವ ಟ್ರೇಲರಿನಲ್ಲಿ ಕೂತವರಿಗೆ ವಿಮೆಯ ಪರಿಹಾರ ಸಿಗುವ ಭರವಸೆಯೂ ಇಲ್ಲ. ಊರಿನ ಹಿರಿಯರು ಜಾತ್ರೆಗೆ ಒಂದು ಬಸ್ ಗೊತ್ತುಮಾಡಿಸಿದರೆ ಅದೇ ದೊಡ್ಡ ಸೇವೆ.

ಇಷ್ಟೆಲ್ಲ ಗೊತ್ತಿದ್ದರೂ ಹೆಚ್ಚು ಯಾಕೆ ತುಂಬುತ್ತಾರೆ? ಬಾಡಿಗೆ ಟ್ರಿಪ್ ಲೆಕ್ಕದಲ್ಲಿದೆ. ಬಾಡಿಗೆ ಕೊಡುವವರು ಐದು ಟ್ರಿಪ್ಪಿನದ್ದನ್ನು ನಾಲ್ಕರಲ್ಲಿ ಮುಗಿಸಲು ನೋಡುತ್ತಾರೆ. ಚಾಲಕ ಬೇಡವೆಂದರೆ ಮುಂದಿನ ಬಾರಿ ಬೇರೆ ಟ್ರ್ಯಾಕ್ಟರ್ ಕರೆಯುತ್ತಾರೆ. ಸಾಲದ ಕಂತು ತಲೆ ಮೇಲಿರುವ ಹುಡುಗ ಬಾಯಿ ಮುಚ್ಚಿಕೊಂಡು ಸ್ಟೇರಿಂಗ್ ಹಿಡಿಯುತ್ತಾನೆ. ಅಪಘಾತವಾದರೆ ತಪ್ಪು ಅವನೊಬ್ಬನದೇ ಆಗುತ್ತದೆ. ಬಾಡಿಗೆಯನ್ನು ಕ್ವಿಂಟಲ್ ಮತ್ತು ದೂರದ ಮೇಲೆ ಗೊತ್ತುಮಾಡಿದರೆ ಈ ಒತ್ತಡ ಅರ್ಧ ಇಳಿಯುತ್ತದೆ. ಗ್ರಾಮ ಪಂಚಾಯಿತಿಗಳೂ ಸಹಕಾರ ಸಂಘಗಳೂ ಮನಸ್ಸು ಮಾಡಿದರೆ ಆಗುವ ಕೆಲಸ ಇದು. ಚಾಲಕರಿಗೆ ತರಬೇತಿ ಬೇಕೆಂದರೆ ಬಳ್ಳಾರಿಯ ಆಚೆಗೆ, ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಸಂಸ್ಥೆ ಇದೆ. ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ ಇಂಥ ತರಬೇತಿಯ ಬಗ್ಗೆ ವಿಚಾರಿಸಬಹುದು.

ಟ್ರ್ಯಾಕ್ಟರ್ ಇಟ್ಟುಕೊಂಡವರು ಈ ಸುಗ್ಗಿಗೆ ಮುಂಚೆ ಒಂದು ಕೆಲಸ ಮಾಡಬಹುದು. ಹತ್ತಿರದ ವೇ ಬ್ರಿಡ್ಜಿಗೆ ಖಾಲಿ ಟ್ರೇಲರ್ ಹತ್ತಿಸಿ ತೂಗಿಸಿ, ಚೀಟಿ ಇಟ್ಟುಕೊಳ್ಳಿ. ಒಮ್ಮೆ ಮರಳು, ಒಮ್ಮೆ ಗೋಡು, ಒಮ್ಮೆ ಜೋಳ ತುಂಬಿ ತೂಗಿಸಿ, ಆರ್‌ಸಿಯಲ್ಲಿರುವ ತೂಕಕ್ಕೆ ಡಬ್ಬಿಯ ಒಳಗೆ ಯಾವ ಮಟ್ಟ ಬರುತ್ತದೆ ಎಂದು ನೋಡಿ. ಆ ಮಟ್ಟಕ್ಕೆ ಡಬ್ಬಿಯ ನಾಲ್ಕೂ ಮಗ್ಗುಲಿನಲ್ಲಿ ಬಣ್ಣದ ಗೆರೆ ಎಳೆಯಿರಿ: ಮರಳಿಗೆ ಕೆಂಪು, ಗೋಡಿಗೆ ಹಳದಿ, ಜೋಳಕ್ಕೆ ಬಿಳಿ. ತುಂಬುವ ಆಳುಗಳಿಗೆ ಓದು ಬರಹ ಬಾರದಿದ್ದರೂ ಗೆರೆ ಕಾಣುತ್ತದೆ. ಇನ್ನು ನಾಲ್ಕು ಬುಟ್ಟಿ ಹಾಕು ಎಂದು ಯಾರಾದರೂ ಹೇಳಿದಾಗ, ಚಾಲಕ ಜಗಳಕ್ಕೆ ನಿಲ್ಲದೆ ಗೆರೆಯನ್ನು ತೋರಿಸಬಹುದು.